ವಿರೋಧ ಪಕ್ಷಗಳೆಲ್ಲ ಸೇರಿ ಒಬ್ಬರನ್ನೇ ನಿಲ್ಲಿಸಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಅಧಿಕಾರ ಬಿಡಲು ಮನಸ್ಸಿಲ್ಲದ ಸರ್ಕಾರ ಎಲ್ಲೇ ಇರಲಿ, ಚುನಾವಣೆ ಹತ್ತಿರ ಬಂದಾಗ ವಿರೋಧ ಪಕ್ಷಗಳಿಗೆ ಜನ ಹೇಳುವ ಮಾತು ಒಂದೇ: ಎಲ್ಲರೂ ಒಟ್ಟಾಗಿ. ಹೇಳೋದು ಸುಲಭ. ಒಟ್ಟಾಗುವುದು ಅಂದರೆ ಏನು, ಅದಕ್ಕೆ ಯಾರು ಏನು ಬಿಟ್ಟುಕೊಡಬೇಕು, ಒಟ್ಟಾದ ಕಡೆ ಏನಾಯಿತು, ಆಗದ ಕಡೆ ಏನಾಯಿತು? ಬೇರೆ ಬೇರೆ ದೇಶಗಳಲ್ಲಿ ನಡೆದದ್ದನ್ನು ಇಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ.

ಎಲ್ಲರೂ ಬೇರೆ ಬೇರೆ ನಿಂತರೆ ತಪ್ಪೇನು? ಜನರಿಗೆ ಆಯ್ಕೆ ಜಾಸ್ತಿ ಸಿಗುತ್ತದಲ್ವಾ?

ಸಿಗುತ್ತದೆ. ಆದರೆ ಒಂದೇ ಸುತ್ತಿನ ಚುನಾವಣೆಯಲ್ಲಿ ಗೆಲ್ಲಲು ಅರ್ಧದಷ್ಟು ಮತ ಬೇಕಿಲ್ಲ. ಉಳಿದ ಪ್ರತಿಯೊಬ್ಬರಿಗಿಂತ ಒಂದು ಮತ ಜಾಸ್ತಿ ಬಂದರೆ ಸಾಕು.

ದಕ್ಷಿಣ ಕೊರಿಯಾದ ಕತೆ ನೋಡಿ. 1987ರ ಜೂನ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದು, ಅಧ್ಯಕ್ಷರನ್ನು ನೇರವಾಗಿ ಆರಿಸುವ ಹಕ್ಕನ್ನು ಸೇನಾ ಆಡಳಿತದ ಕೈಯಿಂದ ಕಿತ್ತುಕೊಂಡರು. ವಿರೋಧ ಪಕ್ಷದಲ್ಲಿ ಇಬ್ಬರು ದೊಡ್ಡ ನಾಯಕರಿದ್ದರು, ಕಿಮ್ ಯಂಗ್ ಸ್ಯಾಮ್ ಮತ್ತು ಕಿಮ್ ಡೇ ಜಂಗ್. ಇಬ್ಬರೂ ವರ್ಷಗಟ್ಟಲೆ ಕಷ್ಟ ಅನುಭವಿಸಿದವರು. ಇಬ್ಬರಿಗೂ ಈ ಸಲ ನನ್ನ ಸರದಿ ಅನ್ನಿಸಿತ್ತು. ಇಬ್ಬರೂ ನಿಂತರು. ಡಿಸೆಂಬರ್ 16ರಂದು ಮತದಾನ ನಡೆಯಿತು. ಒಬ್ಬರಿಗೆ ಶೇ 28, ಇನ್ನೊಬ್ಬರಿಗೆ ಶೇ 27 ಮತ ಬಂತು. ಸೇನೆಯ ಕಡೆಯ ರೋ ಟೇ ವೂ ಶೇ 36.6 ಪಡೆದು ಅಧ್ಯಕ್ಷರಾದರು. ಬೀದಿಯಲ್ಲಿ ಗೆದ್ದದ್ದು ಮತಪೆಟ್ಟಿಗೆಯಲ್ಲಿ ಸೋತುಹೋಯಿತು.

ಕೀನ್ಯಾದಲ್ಲೂ ಅದೇ. 1992ರಲ್ಲಿ ಅಲ್ಲಿನ ಮುಖ್ಯ ವಿರೋಧಿ ಕೂಟ ಎರಡು ಹೋಳಾಯಿತು. ಅಧ್ಯಕ್ಷ ಡೇನಿಯಲ್ ಅರಪ್ ಮೋಯಿ ಶೇ 36ರ ಸುಮಾರು ಮತ ಪಡೆದು ಕುರ್ಚಿ ಉಳಿಸಿಕೊಂಡರು. 1997ರಲ್ಲಿ ಮತ್ತೆ ಒಡಕು, ಮತ್ತೆ ಮೋಯಿ.

ಸರ್ವಾಧಿಕಾರ ಅಂದಮೇಲೆ ಚುನಾವಣೆ ಯಾಕೆ ನಡೆಸುತ್ತಾರೆ?

ಹೊರಗಿನವರಿಗೆ ತೋರಿಸಲು, ತಮ್ಮವರನ್ನು ಹಿಡಿತದಲ್ಲಿಡಲು, ಮತ್ತು ಸೋಲುವುದಿಲ್ಲ ಎಂಬ ನಂಬಿಕೆಯಿಂದ. ಫಿಲಿಪ್ಪೀನ್ಸ್‌ನ ಮಾರ್ಕೋಸ್ 1985ರ ನವೆಂಬರ್‌ನಲ್ಲಿ ಅವಧಿಗೆ ಮುಂಚೆಯೇ ಚುನಾವಣೆ ಅಂತ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ಘೋಷಿಸಿದರು. ಚಿಲಿಯಲ್ಲಿ ಪಿನೋಚೆ 1988ರಲ್ಲಿ ತಾವು ಮುಂದುವರಿಯಬೇಕಾ ಬೇಡವಾ ಅಂತ ಜನಮತ ಕೇಳಿದ್ದು ತಮ್ಮದೇ ಆಡಳಿತ 1980ರಲ್ಲಿ ತಂದ ಸಂವಿಧಾನದ ಪ್ರಕಾರ. ಇಬ್ಬರಿಗೂ ಗೆದ್ದೇ ಗೆಲ್ಲುತ್ತೇವೆ ಎಂಬ ಧೈರ್ಯವಿತ್ತು. ವಿರೋಧಿಗಳು ನುಸುಳುವುದು ಈ ಧೈರ್ಯದ ಸಂದಿಯಲ್ಲೇ.

ಹಾಗಾದರೆ ಬಹಿಷ್ಕಾರ ಹಾಕಿದರೆ? ಮೋಸದ ಚುನಾವಣೆಯಲ್ಲಿ ಯಾಕೆ ಭಾಗವಹಿಸಬೇಕು?

ಬಹಿಷ್ಕಾರದಿಂದ ಮನಸ್ಸಿಗೆ ಸಮಾಧಾನ ಸಿಗಬಹುದು. ಕೈಗೆ ಸಿಗುವುದು ಕಡಿಮೆ. ವೆನೆಜುವೆಲಾದಲ್ಲಿ 2005ರ ಸಂಸತ್ ಚುನಾವಣೆಯಿಂದ ವಿರೋಧ ಪಕ್ಷಗಳು ಹೊರಗುಳಿದವು. ಇಡೀ ಸಂಸತ್ತು ಅಧ್ಯಕ್ಷ ಚಾವೇಸ್ ಬೆಂಬಲಿಗರ ಪಾಲಾಯಿತು. ಹತ್ತು ವರ್ಷದ ನಂತರ, 2015ರಲ್ಲಿ, ಒಂದೇ ಕೂಟವಾಗಿ ನಿಂತಾಗ 167ರಲ್ಲಿ 112 ಸ್ಥಾನ ಬಂತು. ಆ ಸಂಸತ್ತಿನ ಅಧಿಕಾರವನ್ನು ಆಮೇಲೆ ಸರ್ಕಾರ ಒಂದೊಂದಾಗಿ ಕಿತ್ತುಕೊಂಡಿತು, ಅದು ಬೇರೆ ಮಾತು. ಆದರೂ ಜನ ಯಾರ ಕಡೆ ಇದ್ದಾರೆ ಅನ್ನೋದು ಎಲ್ಲರಿಗೂ ಗೊತ್ತಾಯಿತು.

ಆ ಒಬ್ಬ ಅಭ್ಯರ್ಥಿಯನ್ನು ಆರಿಸುವುದು ಹೇಗೆ?

ಮೂರು ದಾರಿ ಬಳಕೆಯಲ್ಲಿವೆ: ಬಾಗಿಲು ಹಾಕಿಕೊಂಡು ಮಾತುಕತೆ, ಪ್ರತಿನಿಧಿಗಳ ಸಭೆ, ಇಲ್ಲವೇ ಜನರಿಂದಲೇ ಪ್ರೈಮರಿ ಚುನಾವಣೆ, ಅಂದರೆ ಅಭ್ಯರ್ಥಿ ಯಾರಾಗಬೇಕು ಅಂತ ಆರಿಸಲು ಮೊದಲೇ ನಡೆಸುವ ಮತದಾನ.

ಪ್ರೈಮರಿಯ ದೊಡ್ಡ ಲಾಭ ಅಂದರೆ ಸೋತವರು ಗೊಣಗಲು ಆಗುವುದಿಲ್ಲ. 2023ರ ಅಕ್ಟೋಬರ್ 22ರಂದು ವೆನೆಜುವೆಲಾದ ವಿರೋಧಿಗಳು ತಾವೇ ಪ್ರೈಮರಿ ನಡೆಸಿದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಬಂದು ಮತ ಹಾಕಿದರು. ಮಾರಿಯಾ ಕೊರಿನಾ ಮಚಾದೋ ಅವರಿಗೆ ಶೇ 90ಕ್ಕೂ ಹೆಚ್ಚು ಮತ ಬಂತು. ಅದಾದ ಮೇಲೆ ನಾಯಕಿ ಯಾರು ಎಂಬ ಚರ್ಚೆಯೇ ಉಳಿಯಲಿಲ್ಲ.

ಗ್ಯಾಂಬಿಯಾದಲ್ಲಿ ಮಾಡಿದ್ದು ಪ್ರತಿನಿಧಿಗಳ ಸಭೆ. ದೊಡ್ಡ ವಿರೋಧ ಪಕ್ಷದ ನಾಯಕ ಜೈಲಿನಲ್ಲಿದ್ದರು. 2016ರಲ್ಲಿ ಏಳು ಪಕ್ಷಗಳು ಸೇರಿ ಅಡಾಮಾ ಬ್ಯಾರೋ ಅವರನ್ನು ಆರಿಸಿದವು. ಜಮೀನು ಕಟ್ಟಡಗಳ ವ್ಯವಹಾರ ಮಾಡುತ್ತಿದ್ದವರು. ಹಿಂದೊಮ್ಮೆ ಲಂಡನ್ನಿನ ಅಂಗಡಿಯೊಂದರಲ್ಲಿ ಸೆಕ್ಯುರಿಟಿ ಕೆಲಸವನ್ನೂ ಮಾಡಿದ್ದರು. ದೇಶದ ಹೊರಗೆ ಅವರ ಹೆಸರನ್ನು ಕೇಳಿದವರೇ ಇರಲಿಲ್ಲ ಅನ್ನಬಹುದು. ಅವರು ಯಾವ ಪಕ್ಷದವರೂ ಅಲ್ಲ ಅನ್ನಿಸಲಿ ಅಂತ ತಮ್ಮ ಪಕ್ಷಕ್ಕೆ ರಾಜೀನಾಮೆ ಕೊಟ್ಟು, ಪಕ್ಷೇತರರಾಗಿ ಕೂಟದ ಹೆಸರಲ್ಲಿ ನಿಂತರು.

ಎಲ್ಲರಿಗಿಂತ ಜನಪ್ರಿಯರಾದವರನ್ನೇ ನಿಲ್ಲಿಸಬೇಕಲ್ವಾ?

ಇದೇ ಎಲ್ಲರೂ ಎಡವುವ ಜಾಗ. ಕೇಳಬೇಕಾದ ಪ್ರಶ್ನೆ ಎರಡು. ಇವರನ್ನು ಎಷ್ಟು ಜನ ಇಷ್ಟಪಡುತ್ತಾರೆ? ಇವರಾದರೆ ಮತ ಹಾಕುವುದೇ ಇಲ್ಲ ಅನ್ನುವವರು ಎಷ್ಟು ಜನ? ಎರಡನೆಯದೇ ಹೆಚ್ಚು ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.

ಸರ್ಬಿಯಾದಲ್ಲಿ ಮಿಲೋಸೆವಿಚ್ ವಿರುದ್ಧ 2000ದಲ್ಲಿ 18 ಪಕ್ಷಗಳು ಸೇರಿದವು. ಅದರಲ್ಲಿ ಸಂಘಟನೆ, ಕಾರ್ಯಕರ್ತರು, ಓಡಾಟ ಎಲ್ಲ ಇದ್ದದ್ದು ಜೋರಾನ್ ಜಿಂಜಿಚ್ ಅವರ ಪಕ್ಷಕ್ಕೆ. ಆದರೆ ಜಿಂಜಿಚ್ ಅಂದರೆ ಸಿಡುಕುವವರೂ ಬಹಳ ಇದ್ದರು. ಸಮೀಕ್ಷೆಗಳು ತೋರಿಸಿದ್ದು ಬೇರೆ ಹೆಸರನ್ನು. ವೊಯಿಸ್ಲಾವ್ ಕೊಸ್ಟುನಿತ್ಸಾ, ಚಿಕ್ಕ ಪಕ್ಷದ ಕಾನೂನು ಪಂಡಿತ. ಮಿಲೋಸೆವಿಚ್ ಜೊತೆ ಎಂದೂ ಕೈಕುಲುಕದವರು, ನ್ಯಾಟೋ ಬಾಂಬ್ ದಾಳಿಯನ್ನೂ ಖಂಡಿಸಿದವರು. ಹಾಗಾಗಿ ಇವರನ್ನು ವಿದೇಶದ ಏಜೆಂಟ್ ಅನ್ನಲು ಸರ್ಕಾರಿ ಟಿವಿಗೆ ಕಷ್ಟವಾಯಿತು. ಜಿಂಜಿಚ್ ಪಕ್ಕಕ್ಕೆ ಸರಿದು ಪ್ರಚಾರದ ಹೊಣೆ ಹೊತ್ತರು. ಸೆಪ್ಟೆಂಬರ್ 24ರ ಮತದಾನದಲ್ಲಿ ಕೊಸ್ಟುನಿತ್ಸಾ ಗೆದ್ದರು. ಕೂಟಕ್ಕೆ ಬರದೆ ತನ್ನದೇ ಅಭ್ಯರ್ಥಿ ನಿಲ್ಲಿಸಿದ ಇನ್ನೊಂದು ದೊಡ್ಡ ವಿರೋಧ ಪಕ್ಷಕ್ಕೆ ಸುಮಾರು ಶೇ 3 ಮತ ಬಂತು.

ಟರ್ಕಿಯಲ್ಲಿ 2023ರಲ್ಲಿ ನಡೆದದ್ದು ಇದಕ್ಕೆ ಉಲ್ಟಾ. ಆರು ಪಕ್ಷಗಳ ಕೂಟದಲ್ಲಿ ದೊಡ್ಡ ಪಕ್ಷದ ನಾಯಕ ಕಿಲಿಚ್‌ದಾರೊಗ್ಲು ತಾನೇ ಅಭ್ಯರ್ಥಿ ಎಂದರು. ಇಸ್ತಾಂಬುಲ್ ಅಥವಾ ಅಂಕಾರದ ಮೇಯರ್ ನಿಲ್ಲಲಿ ಎಂದು ಹೇಳಿದ, ಕೂಟದ ಇನ್ನೊಂದು ಪಕ್ಷದ ನಾಯಕಿ ಮೆರಾಲ್ ಅಕ್ಷೆನರ್ ಮಾರ್ಚ್ 3ರಂದು ಕೂಟದಿಂದ ಎದ್ದುಹೋದರು. ಮೂರು ದಿನಕ್ಕೆ ವಾಪಸ್ ಬಂದರು. ಅಷ್ಟರಲ್ಲಿ ಜಗಳ ಊರಿಗೆಲ್ಲ ಗೊತ್ತಾಗಿತ್ತು. ಚುನಾವಣೆಯಲ್ಲಿ ಕಿಲಿಚ್‌ದಾರೊಗ್ಲು ಸೋತರು. ಮೇಯರ್ ನಿಂತಿದ್ದರೆ ಗೆಲ್ಲುತ್ತಿದ್ದರಾ? ಆಗಲೇ ಇಸ್ತಾಂಬುಲ್ ಮೇಯರ್ ಇಮಾಮೊಗ್ಲು ತಲೆಯ ಮೇಲೆ ರಾಜಕೀಯ ನಿಷೇಧದ ತೀರ್ಪು ತೂಗುತ್ತಿತ್ತು. ಹಾಗಾಗಿ ಕಿಲಿಚ್‌ದಾರೊಗ್ಲು ಆಯ್ಕೆಯನ್ನು ಬರೀ ಸ್ವಾರ್ಥ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಆಯ್ಕೆ ಮಾಡಿದ ರೀತಿ ಮತ್ತು ಹೊತ್ತು ಎರಡೂ ಸರಿಯಿರಲಿಲ್ಲ. ಚುನಾವಣೆಗೆ ಹತ್ತು ವಾರ ಮಾತ್ರ ಉಳಿದಿತ್ತು.

ಹಿಂದೆ ಸರಿಯುವವರಿಗೆ ಸಿಗುವುದೇನು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ಒಗ್ಗಟ್ಟು ಅಂದರೆ ವೇದಿಕೆಯ ಮೇಲೆ ಹತ್ತು ಜನ ಕೈ ಕೈ ಹಿಡಿದು ಮೇಲೆತ್ತುವ ಫೋಟೋ ಅಲ್ಲ. ಗೆಲ್ಲುವ ಆಸೆ ಇದ್ದ ಒಬ್ಬರು "ನಾನು ನಿಲ್ಲಲ್ಲ" ಅನ್ನುವುದು. ಅವರಿಗೆ ಏನು ಕೊಟ್ಟಿರಿ, ಕೊಟ್ಟ ಮಾತನ್ನು ಉಳಿಸಿಕೊಂಡಿರಾ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಫಿಲಿಪ್ಪೀನ್ಸ್‌ನಲ್ಲಿ ಸಾಲ್ವಡೋರ್ ಲಾರೆಲ್ ಅವರಿಗೆ ಪಕ್ಷವಿತ್ತು, ಊರೂರಲ್ಲಿ ಜನರಿದ್ದರು. ಕೊರಾಜನ್ ಅಕಿನೋ ಅವರಿಗೆ ಇದ್ದದ್ದು 1983ರಲ್ಲಿ ವಿಮಾನ ನಿಲ್ದಾಣದಲ್ಲೇ ಕೊಲೆಯಾದ ಗಂಡನ ಹೆಸರು, ಮತ್ತು ಜನರ ಕಣ್ಣೀರು. ಮಾತುಕತೆ ಒಮ್ಮೆ ಮುರಿದು ಬಿತ್ತು. 1985ರ ಡಿಸೆಂಬರ್ 11, ನಾಮಪತ್ರ ಸಲ್ಲಿಸುವ ಕೊನೆಯ ದಿನ, ರಾತ್ರಿ ಲಾರೆಲ್ ಒಪ್ಪಿದರು. ಷರತ್ತು ಏನೆಂದರೆ ಅಕಿನೋ ಲಾರೆಲ್ ಪಕ್ಷದ ಹೆಸರಲ್ಲೇ ನಿಲ್ಲಬೇಕು, ಲಾರೆಲ್ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕು. ಗೆದ್ದ ಮೇಲೆ ಅವರು ಉಪಾಧ್ಯಕ್ಷರಾದರು, ಪ್ರಧಾನಿಯೂ ಆದರು. ಆದರೆ ಒಂದೇ ತಿಂಗಳಲ್ಲಿ ಪ್ರಧಾನಿ ಹುದ್ದೆಯೇ ರದ್ದಾಯಿತು. 1987ರಲ್ಲಿ ಲಾರೆಲ್ ಮುನಿಸಿಕೊಂಡು ಸಂಪುಟ ಬಿಟ್ಟರು.

ಕೀನ್ಯಾ ಎರಡು ಸಲ ಸೋತು ಪಾಠ ಕಲಿತಿತ್ತು. 2002ರ ಅಕ್ಟೋಬರ್‌ನಲ್ಲಿ ನೈರೋಬಿಯ ತುಂಬಿದ ಸಭೆಯಲ್ಲಿ ರೈಲಾ ಒಡಿಂಗಾ ಎದ್ದು ನಿಂತು "ಕಿಬಾಕಿ ಟೋಶಾ" ಎಂದರು. ಕಿಬಾಕಿ ಸಾಕು, ಅವರೇ ಆಗಬಹುದು ಎಂದರ್ಥ. ಎರಡು ಪದಗಳಲ್ಲಿ ಚುನಾವಣೆಯ ದಿಕ್ಕೇ ತಿರುಗಿತು. ಮ್ವಾಯ್ ಕಿಬಾಕಿ ಶೇ 62ರಷ್ಟು ಮತ ಪಡೆದರು. ಮೋಯಿ ಆರಿಸಿದ್ದ ಉತ್ತರಾಧಿಕಾರಿ ಶೇ 31ಕ್ಕೆ ನಿಂತರು. ಒಳಗಿನ ಒಡಂಬಡಿಕೆಯಲ್ಲಿ ಹೊಸ ಸಂವಿಧಾನ, ಒಡಿಂಗಾಗೆ ಪ್ರಧಾನಿ ಹುದ್ದೆ, ಸಂಪುಟದಲ್ಲಿ ಸಮಪಾಲು ಎಂದಿತ್ತು. ಯಾವುದೂ ನಡೆಯಲಿಲ್ಲ. 2005ರ ಜನಮತದಲ್ಲಿ ಒಡಿಂಗಾ ಸರ್ಕಾರದ ವಿರುದ್ಧವೇ ನಿಂತು ಗೆದ್ದರು. 2007ರ ಕೊನೆಯಲ್ಲಿ ಇಬ್ಬರೂ ಎದುರುಬದುರಾದ ಚುನಾವಣೆಯ ನಂತರ ಭುಗಿಲೆದ್ದ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಸಾವುಗಳಿಗೆ ಕಾರಣ ಹಲವು. ಮುರಿದ ಮಾತೂ ಅದರಲ್ಲಿ ಒಂದು.

ಸರ್ಕಾರ ಅಭ್ಯರ್ಥಿಯನ್ನೇ ಅನರ್ಹ ಮಾಡಿದರೆ?

ಮಾಡೇ ಮಾಡುತ್ತದೆ ಅಂದುಕೊಂಡೇ ಹೊರಡಬೇಕು. ವೆನೆಜುವೆಲಾದಲ್ಲಿ ಮಚಾದೋ ಅವರಿಗೆ 15 ವರ್ಷ ನಿಷೇಧ ಹಾಕಲಾಯಿತು. ಅವರು ತಮ್ಮ ಬದಲು ಪ್ರಾಧ್ಯಾಪಕಿ ಕೊರಿನಾ ಯೋರಿಸ್ ಹೆಸರು ಕೊಟ್ಟರು. ಯೋರಿಸ್ ಹೆಸರನ್ನು ನೋಂದಾಯಿಸಲು ಆನ್‌ಲೈನ್ ವ್ಯವಸ್ಥೆ ಬಿಡಲೇ ಇಲ್ಲ. ಕೊನೆಗೆ ಜಾಗ ಹಿಡಿದಿಡಲು ಅಂತ ಕೊಟ್ಟಿದ್ದ ನಿವೃತ್ತ ರಾಯಭಾರಿ ಎಡ್ಮುಂಡೋ ಗೊನ್ಸಾಲೆಸ್ ಅವರ ಹೆಸರೇ ಉಳಿಯಿತು. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿಟ್ಟ ಹಾಗೆ ಶುರುವಾದದ್ದು, ಕೊನೆಗೆ ಅವರೇ ಪ್ರಯಾಣ ಮಾಡಬೇಕಾಯಿತು. ಮಚಾದೋ ಊರೂರು ಸುತ್ತಿ ಗೊನ್ಸಾಲೆಸ್‌ಗೆ ಮತ ಕೇಳಿದರು. ಪ್ರೈಮರಿಯಲ್ಲಿ ಗೆದ್ದ ಅಧಿಕಾರ ಕೈಯಲ್ಲಿ ಇದ್ದದ್ದರಿಂದ ಅದನ್ನು ಇನ್ನೊಬ್ಬರಿಗೆ ದಾಟಿಸಲು ಸಾಧ್ಯವಾಯಿತು.

ಬೆಲಾರೂಸ್‌ನಲ್ಲಿ 2020ರಲ್ಲಿ ಮುಖ್ಯ ಆಕಾಂಕ್ಷಿಗಳಲ್ಲಿ ಇಬ್ಬರು ಜೈಲು ಸೇರಿದರು, ಮೂರನೆಯವರ ನಾಮಪತ್ರ ತಿರಸ್ಕೃತವಾಗಿ ಅವರು ದೇಶ ಬಿಟ್ಟರು. ಜೈಲು ಸೇರಿದ ಒಬ್ಬರ ಹೆಂಡತಿ ಸ್ವೆಟ್ಲಾನಾ ಟಿಖಾನೊವ್‌ಸ್ಕಯಾ ಕಣಕ್ಕಿಳಿದರು. ಸಂವಿಧಾನ ಹೆಂಗಸರಿಗಾಗಿ ಬರೆದದ್ದಲ್ಲ ಎಂಬರ್ಥದ ಮಾತಾಡಿದ್ದ ಅಧ್ಯಕ್ಷ ಲುಕಾಶೆಂಕೊ, ಇವರಿಂದ ಏನಾದೀತು ಅಂತ ಸುಮ್ನೆ ಬಿಟ್ಟರು. ಜುಲೈನಲ್ಲಿ ಮೂರೂ ಬಣಗಳ ಪರವಾಗಿ ಮೂವರು ಮಹಿಳೆಯರು ಸೇರಿ ಒಂದೇ ಪ್ರಚಾರ ಶುರುಮಾಡಿದರು. ವರ್ಷಗಟ್ಟಲೆ ಗಂಡಸರಿಂದ ಆಗದ ಒಪ್ಪಂದ ಅಲ್ಲಿ ಬಹಳ ಬೇಗ ಕುದುರಿತು.

ಚುನಾವಣಾ ಕಾನೂನನ್ನೇ ಬದಲಿಸಿಬಿಟ್ಟರೆ?

ಸ್ಲೊವಾಕಿಯಾದಲ್ಲಿ 1998ರಲ್ಲಿ ಮೆಚಿಯಾರ್ ಸರ್ಕಾರ, ಕೂಟದ ಪ್ರತಿ ಪಕ್ಷವೂ ಬೇರೆ ಬೇರೆಯಾಗಿ ಶೇ 5 ಮತ ಪಡೆಯಬೇಕು ಎಂದು ನಿಯಮ ತಂದಿತು. ಐದು ಪಕ್ಷಗಳು ಸೇರಿ ಒಂದೇ ಪಕ್ಷವಾಗಿ ನೋಂದಾಯಿಸಿಕೊಂಡವು. ನಿಯಮ ನೀರುಪಾಲಾಯಿತು. ಮಲೇಷ್ಯಾದಲ್ಲಿ 2018ರಲ್ಲಿ, ವಿರೋಧಿ ಕೂಟ ಸೇರಿದ್ದ ಮಾಜಿ ಪ್ರಧಾನಿ ಮಹತೀರ್ ಅವರ ಹೊಸ ಪಕ್ಷದ ನೋಂದಣಿಯನ್ನೇ ತಡೆಹಿಡಿದರು. ಕೂಟದ ಬಹುಪಾಲು ಅಭ್ಯರ್ಥಿಗಳು ಅನ್ವರ್ ಇಬ್ರಾಹಿಂ ಪಕ್ಷದ ಚಿಹ್ನೆಯಲ್ಲಿ ನಿಂತರು. ಅದೇ ಮಹತೀರ್ ಪ್ರಧಾನಿಯಾಗಿದ್ದಾಗ ಅನ್ವರ್ ಜೈಲಿಗೆ ಹೋಗಿದ್ದರು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಎಡ, ಬಲ, ಧಾರ್ಮಿಕ ಪಕ್ಷ ಎಲ್ಲ ಸೇರಿದರೆ ಪ್ರಣಾಳಿಕೆಯಲ್ಲಿ ಏನು ಬರೆಯುತ್ತಾರೆ?

ಕಡಿಮೆ ಬರೆದಷ್ಟೂ ಒಳ್ಳೆಯದು. ನಿಕರಾಗುವಾದಲ್ಲಿ 1990ರಲ್ಲಿ ವಿಯೊಲೆಟಾ ಚಮೊರೊ ಹಿಂದೆ ನಿಂತ 14 ಪಕ್ಷಗಳಲ್ಲಿ ಸಂಪ್ರದಾಯವಾದಿಗಳೂ ಇದ್ದರು, ಕಮ್ಯುನಿಸ್ಟರೂ ಇದ್ದರು. ಒಂದು ವಿಷಯದಲ್ಲಿ ಒಮ್ಮತವಿತ್ತು: ಯುದ್ಧ ನಿಲ್ಲಬೇಕು, ಕಡ್ಡಾಯ ಸೇನಾ ಭರ್ತಿ ಹೋಗಬೇಕು. ಮಗ ಸೇನೆಗೆ ಹೋದ ಪ್ರತಿ ಮನೆಗೂ ಅದು ತಲುಪಿತು. ಚಮೊರೊ ಶೇ 55ರ ಹತ್ತಿರ, ಆಗಿನ ಅಧ್ಯಕ್ಷ ಒರ್ಟೆಗಾ ಶೇ 41. ಟಿಖಾನೊವ್‌ಸ್ಕಯಾ ಅಂತೂ ಇನ್ನೂ ಚಿಕ್ಕದು ಹೇಳಿದರು. ರಾಜಕೀಯ ಕೈದಿಗಳನ್ನು ಬಿಡುತ್ತೇನೆ, ಸರಿಯಾದ ಚುನಾವಣೆ ನಡೆಸುತ್ತೇನೆ, ಅಷ್ಟೇ.

ಟರ್ಕಿಯ ಆರು ಪಕ್ಷಗಳು 2,000ಕ್ಕೂ ಹೆಚ್ಚು ಅಂಶಗಳ ಕಾರ್ಯಕ್ರಮ ಪಟ್ಟಿ ಹೊರಡಿಸಿದವು. ಶ್ರದ್ಧೆಯಿಂದ ಮಾಡಿದ ಕೆಲಸ, ನಿಜ. ಆದರೆ ಅಭ್ಯರ್ಥಿಯ ಹೆಸರಿಗಿಂತ ಮುಂಚೆ ಅಷ್ಟುದ್ದದ ಪಟ್ಟಿ ಬಂದರೆ ಮತದಾರ ಓದುತ್ತಾನಾ?

ಒಟ್ಟಾದರೆ ಗೆಲುವು ಗ್ಯಾರಂಟಿಯಾ?

ಇಲ್ಲ. ಹಂಗೇರಿಯಲ್ಲಿ ಆರು ಪಕ್ಷಗಳು ಎಲ್ಲವನ್ನೂ ಪುಸ್ತಕದಲ್ಲಿ ಬರೆದ ಹಾಗೆ ಮಾಡಿದವು. 2021ರಲ್ಲಿ ಎರಡು ಸುತ್ತಿನ ಪ್ರೈಮರಿ ನಡೆಸಿದವು. ಮೊದಲ ಸುತ್ತಿನಲ್ಲಿ ಎರಡನೇ ಸ್ಥಾನದಲ್ಲಿದ್ದ ಬುಡಾಪೆಸ್ಟ್ ಮೇಯರ್, ಮೂರನೇ ಸ್ಥಾನದಲ್ಲಿದ್ದ ಪೀಟರ್ ಮಾರ್ಕಿ ಜೈಗೆ ದಾರಿ ಬಿಟ್ಟುಕೊಟ್ಟರು. 106 ಕ್ಷೇತ್ರಗಳಲ್ಲೂ ಒಬ್ಬೊಬ್ಬರೇ ಅಭ್ಯರ್ಥಿ. 2022ರ ಏಪ್ರಿಲ್ 3ರಂದು ಆಗಿನ ಪ್ರಧಾನಿ ಓರ್ಬಾನ್ ಪಕ್ಷಕ್ಕೆ ಶೇ 54, ಕೂಟಕ್ಕೆ ಶೇ 34. ಸರ್ಕಾರಿ ಟಿವಿಯಲ್ಲಿ ಮಾರ್ಕಿ ಜೈಗೆ ಸಿಕ್ಕಿದ್ದು ಐದು ನಿಮಿಷ. ಆದರೆ ಅದೊಂದನ್ನೇ ದೂರಿದರೆ ಸಾಲದು. ಕೂಟದ ಆರು ಪಕ್ಷಗಳಿಗೆ ಹಿಂದೆ ಬಂದಿದ್ದ ಮತಗಳೇ ಕೂಡಿ ಬರಲಿಲ್ಲ. ಅದರಲ್ಲಿ ಒಂದು ಹಿಂದೆ ಕಡು ಬಲಪಂಥೀಯ ಪಕ್ಷವಾಗಿತ್ತು. ಅದರ ಮತದಾರರಿಗೆ ಸಮಾಜವಾದಿಗಳ ಜೊತೆ ಒಂದೇ ಪಟ್ಟಿಯಲ್ಲಿ ಕೂರುವುದು ಇಷ್ಟವಾಗಲಿಲ್ಲ. ನಾಯಕರು ಕೈಜೋಡಿಸಿದ ಮಾತ್ರಕ್ಕೆ ಮತದಾರರು ಹಿಂದೆ ಬರುತ್ತಾರೆ ಅಂತೇನಿಲ್ಲ.

ಪೋಲೆಂಡ್ 2023ರಲ್ಲಿ ಬೇರೆ ದಾರಿ ಹಿಡಿಯಿತು. ಮೂರು ವಿರೋಧಿ ಬಣಗಳು ಸಂಸತ್ತಿನ ಕೆಳಮನೆಗೆ ಬೇರೆ ಬೇರೆ ಪಟ್ಟಿಯಲ್ಲೇ ನಿಂತವು, ಗೆದ್ದರೆ ಒಟ್ಟಿಗೆ ಸರ್ಕಾರ ಅಂತ ಮೊದಲೇ ಹೇಳಿದವು. ಅಲ್ಲಿ ಮತಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿ ಇದೆ. ಹಾಗಾಗಿ ಮತ ಒಡೆದರೂ ನಷ್ಟ ಕಡಿಮೆ. ಆಳುವ ಪಕ್ಷ ಶೇ 35 ಪಡೆದು ಮೊದಲ ಸ್ಥಾನದಲ್ಲಿದ್ದರೂ, 460ರಲ್ಲಿ 248 ಸ್ಥಾನ ಈ ಮೂವರಿಗೆ ಸಿಕ್ಕಿತು. ಒಬ್ಬರೇ ಅಭ್ಯರ್ಥಿ ಬೇಕಾ ಬೇಡವಾ ಅನ್ನುವ ಮುಂಚೆ ಚುನಾವಣಾ ಪದ್ಧತಿ ಯಾವುದು ಅಂತ ನೋಡಿ.

ಎಣಿಕೆಯಲ್ಲೇ ಮೋಸ ಮಾಡಿದರೆ?

ಮತಗಟ್ಟೆಯ ಲೆಕ್ಕ ಕೈಯಲ್ಲಿರಬೇಕು. ಪ್ರತಿ ಮತಗಟ್ಟೆಯಲ್ಲಿ ತಮ್ಮವರು ಕೂತು, ಎಣಿಕೆಯ ಹಾಳೆಯ ಪ್ರತಿ ತಂದು, ಬೇರೆಯಾಗಿ ಕೂಡಬೇಕು. ಬೇಜಾರಿನ ಕೆಲಸ, ಭಾಷಣ ಚಪ್ಪಾಳೆ ಏನೂ ಇಲ್ಲ. ಆದರೆ ಒಗ್ಗಟ್ಟಿನ ನಿಜವಾದ ಲಾಭ ಇಲ್ಲಿದೆ: ಯಾವ ಒಂದು ಪಕ್ಷಕ್ಕೂ ಎಲ್ಲ ಮತಗಟ್ಟೆಗಳಿಗೆ ಸಾಕಾಗುವಷ್ಟು ಜನ ಇರುವುದಿಲ್ಲ.

ವೆನೆಜುವೆಲಾದಲ್ಲಿ 2024ರ ಜುಲೈ 28ರ ರಾತ್ರಿ ಆಗಿನ ಅಧ್ಯಕ್ಷ ಮಡುರೊ ಶೇ 51 ಪಡೆದರು ಅಂತ ಚುನಾವಣಾ ಮಂಡಳಿ ಘೋಷಿಸಿತು. ಯಂತ್ರವಾರು ಲೆಕ್ಕ ಕೊಡಲಿಲ್ಲ. ವಿರೋಧಿಗಳ ಏಜೆಂಟರು ಶೇ 80ಕ್ಕೂ ಹೆಚ್ಚು ಯಂತ್ರಗಳ ಮುದ್ರಿತ ಹಾಳೆಗಳನ್ನು ಸಂಗ್ರಹಿಸಿ ಇಂಟರ್ನೆಟ್ಟಿಗೆ ಹಾಕಿಬಿಟ್ಟರು. ಅವುಗಳ ಪ್ರಕಾರ ಗೊನ್ಸಾಲೆಸ್‌ಗೆ ಶೇ 67ರಷ್ಟು. ಫಿಲಿಪ್ಪೀನ್ಸ್‌ನಲ್ಲಿ 1986ರ ಫೆಬ್ರವರಿ 9ರಂದು, ಸರ್ಕಾರದ ಎಣಿಕೆ ಕೇಂದ್ರದ ಕಂಪ್ಯೂಟರ್ ಸಿಬ್ಬಂದಿಯೇ ತಾವು ಹಾಕಿದ ಅಂಕಿಯೂ ಫಲಕದ ಮೇಲಿನ ಅಂಕಿಯೂ ಬೇರೆ ಬೇರೆ ಅಂತ ಎದ್ದು ಹೊರಗೆ ನಡೆದರು.

ಗ್ಯಾಂಬಿಯಾದ ಪದ್ಧತಿ ನನಗೆ ತುಂಬಾ ಇಷ್ಟ. ಅಲ್ಲಿ ಕಾಗದ ಇರಲಿಲ್ಲ. ಪ್ರತಿ ಅಭ್ಯರ್ಥಿಗೆ ಒಂದು ಬಣ್ಣದ ಡ್ರಮ್ಮು, ಮತದಾರರ ಕೈಗೆ ಒಂದು ಗೋಲಿ. ಗೋಲಿ ಬಿದ್ದಾಗ ಒಳಗಿನ ಗಂಟೆ ಟಿಣ್ ಅನ್ನುತ್ತದೆ. ಎರಡು ಸಲ ಟಿಣ್ ಅಂದರೆ ಕಳ್ಳ ಸಿಕ್ಕಿಬಿದ್ದ. 2016ರಲ್ಲಿ ಎಣಿಕೆಯೂ ಮತಗಟ್ಟೆಯಲ್ಲೇ ನಡೆಯಿತು.

ಸೋತವರು ಕುರ್ಚಿ ಬಿಡದಿದ್ದರೆ?

ಆಗ ಪ್ರಶ್ನೆ ಮತದ್ದಲ್ಲ, ಬಂದೂಕು ಹಿಡಿದವರದ್ದು. ಚಿಲಿಯಲ್ಲಿ 1988ರ ಅಕ್ಟೋಬರ್ 5ರ ರಾತ್ರಿ ಸರ್ಕಾರ ಫಲಿತಾಂಶ ಎಳೆದಾಡುತ್ತಿದ್ದಾಗ, ವಾಯುಪಡೆಯ ಮುಖ್ಯಸ್ಥ ಮಾತೇಯಿ ಅರಮನೆಗೆ ಹೋಗುತ್ತಾ ಪತ್ರಕರ್ತರಿಗೆ 'ಬೇಡ' ಎಂಬ ಮತ ಗೆದ್ದ ಹಾಗಿದೆ ಅಂದುಬಿಟ್ಟರು. ಪಿನೋಚೆ ಕೈ ಕಟ್ಟಿಹೋಯಿತು. ಗ್ಯಾಂಬಿಯಾದಲ್ಲಿ ಯಾಹ್ಯಾ ಜಾಮೆ ಮೊದಲು ಸೋಲೊಪ್ಪಿದರು, ವಾರದಲ್ಲಿ ಮಾತು ತಿರುಗಿಸಿದರು. ಬ್ಯಾರೋ ಪ್ರಮಾಣವಚನ ಪಡೆದದ್ದು ಪಕ್ಕದ ಸೆನೆಗಲ್‌ನಲ್ಲಿನ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ. ನೆರೆ ದೇಶಗಳ ಪಡೆಗಳು ಗಡಿ ದಾಟಿದ ಮೇಲೆ, 2017ರ ಜನವರಿಯಲ್ಲಿ, 22 ವರ್ಷ ಆಳಿದ ಜಾಮೆ ವಿಮಾನ ಹತ್ತಿದರು.

ಬೆಲಾರೂಸ್ ಮತ್ತು ವೆನೆಜುವೆಲಾದಲ್ಲಿ ಸೇನೆ, ಪೊಲೀಸರು ಆಳುವವರ ಕಡೆಯೇ ನಿಂತರು. ಟಿಖಾನೊವ್‌ಸ್ಕಯಾ ಮತ್ತು ಗೊನ್ಸಾಲೆಸ್ ಇಬ್ಬರೂ ದೇಶ ಬಿಡಬೇಕಾಯಿತು.

ಗೆದ್ದ ಮೇಲೆ ಇಂಥ ಕೂಟಗಳು ಮುರಿದು ಬೀಳುತ್ತವಲ್ಲ?

ಬಹಳಷ್ಟು ಸಲ ಹೌದು. ಭಾರತದಲ್ಲಿ ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ಗೆದ್ದ ಜನತಾ ಪಕ್ಷ ಪ್ರಧಾನಿ ಯಾರೆಂದು ತೀರ್ಮಾನಿಸಿದ್ದೇ ಗೆದ್ದ ಮೇಲೆ. ಮೊರಾರ್ಜಿ ದೇಸಾಯಿ ಸರ್ಕಾರ 1979ರ ಜುಲೈನಲ್ಲಿ ಬಿತ್ತು. ಮಲೇಷ್ಯಾದಲ್ಲಿ ಮಹತೀರ್ ಯಾವಾಗ ಅನ್ವರ್‌ಗೆ ಕುರ್ಚಿ ಬಿಡಬೇಕು ಅನ್ನುವ ದಿನಾಂಕ ಬರೆದಿರಲಿಲ್ಲ. 22 ತಿಂಗಳಲ್ಲಿ ಸರ್ಕಾರ ಕುಸಿಯಿತು. ಬ್ಯಾರೋ ಮೂರೇ ವರ್ಷ ಇರುತ್ತೇನೆ ಎಂದು ಒಪ್ಪಿದ್ದವರು ಐದೂ ವರ್ಷ ಇದ್ದರು, 2021ರಲ್ಲಿ ಮತ್ತೆ ನಿಂತು ಗೆದ್ದರು. ಚಿಲಿಯ ಕೂಟ ಮಾತ್ರ 1990ರಿಂದ 2010ರವರೆಗೆ ಒಡೆಯದೆ ನಾಲ್ಕು ಅಧ್ಯಕ್ಷರನ್ನು ಕೊಟ್ಟಿತು. ಸಂಸತ್ತಿನ ಪ್ರತಿ ಕ್ಷೇತ್ರಕ್ಕೂ ಪಕ್ಷಗಳ ನಡುವೆ ಸೀಟು ಹಂಚಿಕೆ ಪಕ್ಕಾ ಇರುತ್ತಿತ್ತು.

ಕೊರಿಯಾದ ಆ ಇಬ್ಬರು ಕಿಮ್‌ಗಳು ಆಮೇಲೆ ಏನಾದರು?

ಕಿಮ್ ಯಂಗ್ ಸ್ಯಾಮ್ 1990ರಲ್ಲಿ ಆಳುವ ಪಕ್ಷದ ಜೊತೆಗೇ ವಿಲೀನವಾಗಿ, 1992ರ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷರಾದರು. ಕಿಮ್ ಡೇ ಜಂಗ್ ಆ ಸಲವೂ ಸೋತರು. 1997ರಲ್ಲಿ ಅವರು ಹೋಗಿ ಕೈಜೋಡಿಸಿದ್ದು ಮೂರನೇ ಕಿಮ್ ಜೊತೆ. ಕಿಮ್ ಜಾಂಗ್ ಪಿಲ್, ಹಳೇ ಸೇನಾ ಆಡಳಿತದ ಗುಪ್ತಚರ ಸಂಸ್ಥೆಯನ್ನು ಕಟ್ಟಿದವರು. ಅದೇ ಸಂಸ್ಥೆ 1973ರಲ್ಲಿ ಡೇ ಜಂಗ್ ಅವರನ್ನು ಟೋಕಿಯೊದಿಂದ ಅಪಹರಿಸಿತ್ತು. ಜಾಂಗ್ ಪಿಲ್ ತಾವು ನಿಲ್ಲದೆ ಬೆಂಬಲ ಕೊಟ್ಟರು. ಬದಲಿಗೆ ಪ್ರಧಾನಿ ಹುದ್ದೆ, ಮತ್ತು ಸಂಸದೀಯ ಪದ್ಧತಿಗೆ ಬದಲಾಗುವ ಭರವಸೆ. ಡೇ ಜಂಗ್ ಶೇ 40.3 ಪಡೆದರು, ಎದುರಾಳಿ ಶೇ 38.7. ಜಾಂಗ್ ಪಿಲ್‌ಗೆ ಪ್ರಧಾನಿ ಹುದ್ದೆ ಸಿಕ್ಕಿತು. ಸಂಸದೀಯ ಪದ್ಧತಿ ಬರಲೇ ಇಲ್ಲ.